ಸೋದರಮಾವನ ವಿಮಾನ

ರಾಹುಕಾಲ ಕಳೆಯಲಿ ಎಂದು ಪುಣೆಯ ಹತ್ತು ಮನೆಗಳ ವಾಡೆಯ ಹಿರಿಯಳು ರಂಗೂಬಾಯಿ ಬಿಂದುಮಾಧವನನ್ನು ಕಾಲು ತಾಸು ತಡೆದಳು. ರವಿವಾರ ಸಂಜೆಯ ಬೆಳಗಾವಿ ರೈಲು ಮಾತ್ರ ರಾಹುವಿಗೆ ಹೆದರದೆ ಹೊರಟೇಹೋಯಿತು. ಸ್ಟೇಶನ್ನಿಗೆ ಓಡಿಬಂದ ಬಿಂದುಮಾಧವನಿಗೆ ಕಂಡದ್ದು ಬರೀ ಹೊಗೆ. ಮರುದಿನ ಹನ್ನೆರಡೂ ಐದಕ್ಕೆ ಬೆಳಗಾವಿಯಲ್ಲಿ ಅಕ್ಕನ ಮಗಳು ಶಾಮಲಾಳ ಮದುವೆಯ ಮುಹೂರ್ತ. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ತರಬೇಕಾದ ಸೋದರಮಾವ ಅವನೊಬ್ಬನೇ. ಮುಹೂರ್ತ ತಪ್ಪಿದರೆ ಅಕ್ಕ ಈ ಜನ್ಮದಲ್ಲಿ ಅವನ ಮುಖ ನೋಡುವವಳಲ್ಲ.

ಕಚೇರಿಯ ಎಂಜಿನಿಯರ್ ಸಾಹೇಬರು ಮರುದಿನ ಬೆಳಿಗ್ಗೆ ಸಣ್ಣದೊಂದು ವಿಮಾನದಲ್ಲಿ ಬೆಳಗಾವಿಗೆ ಹೊರಡುವವರಿದ್ದರು. ಬಿಂದುಮಾಧವ ಅವರ ಕೈಕಾಲು ಹಿಡಿದು ಒಂದು ಸೀಟು ಗಿಟ್ಟಿಸಿದ. ಬೆಳಗಾಗುವಷ್ಟರಲ್ಲಿ ಸದಾಶಿವ ಪೇಠೆಯ ಇಡೀ ವಾಡೆ ಅವನ ಬಾಗಿಲಲ್ಲಿ ನೆರೆದಿತ್ತು.

"ರೈಲಿಗೆ ಎರಡು ನೂರಾ ಐವತ್ತು ಮೈಲಿ, ಆಕಾಶದಾಗ ನೂರಾ ತೊಂಬತ್ತ," ಎಂದ ಬಿಂದುಮಾಧವ, ತನಗೇ ಧೈರ್ಯ ಹೇಳಿಕೊಳ್ಳುವಂತೆ. "ಒಂದೂ ಮುಕ್ಕಾಲು ತಾಸಿನ ದಾರಿ."

"ಮ್ಯಾಲ ಏರೂದು, ಕೆಳಗ ಇಳಿಯೂದು ಲೆಕ್ಕಾ ಹಿಡದೀಯೇನೋ?" ಎಂದಳು ರಂಗೂಬಾಯಿ.

"ಗಾಳಿ ಎದುರಿದ್ರ ಮೂರು ತಾಸು ಬೇಕ್ರಿ," ಎಂದರು ಪಕ್ಕದ ಮನೆಯ ಪಂಢರಿನಾಥ ಮಾಸ್ತರರು.

"ನಿಮಗ ಹ್ಯಾಂಗ ಗೊತ್ತರೀ?" ಎಂದ ಬಿಂದುಮಾಧವ.

"ದಿನಾ ಸೈಕಲ್ ಹೊಡೀತೀನಲ್ರೀ!"

ವಿಮಾನ ಎಂಟೂವರೆಗೆ ಹಾರಬೇಕಿತ್ತು. ಸಾಹೇಬರ ಚಹಾ ಮುಗಿಯುವಷ್ಟರಲ್ಲಿ ಒಂಬತ್ತೂ ಕಾಲಾಯಿತು. ಪಾಪ, ವಿಮಾನ ನೆಲ ಬಿಟ್ಟಾಗ ಕಣ್ಣು ಮುಚ್ಚಿದ ಬಿಂದುಮಾಧವ ಗಡಿಯಾರ ನೋಡಲಷ್ಟೇ ತೆರೆದ. ಒಮ್ಮೆ ವಿಮಾನ ದಡಕ್ಕನೆ ಕುಸಿದಾಗ ಪೈಲಟನ ಕೊರಳನ್ನೇ ತಬ್ಬಿದ. "ಬಿಡದಿದ್ದರೆ ಮೂವರೂ ಬೇರೆ ಕಡೆಗೇ ತಲುಪುತ್ತೇವೆ," ಎಂದು ಸಾಹೇಬರು ಗದರಿದರು.

ಬೆಳಗಾವಿಯ ಹೊರಗಿನ ಬಯಲಿನಲ್ಲಿ ಹನ್ನೊಂದಕ್ಕೆ ಸರಿಯಾಗಿ ಇಳಿದರು. ಅವನಿಗೆ ಆನಂದದಿಂದ ಅಳುವೇ ಬಂತು. ಆದರೆ ಊರು ಇನ್ನೂ ಏಳು ಮೈಲಿ! ಸಾಹೇಬರ ಕೆಲಸ ಅಲ್ಲಿಯೇ, ಟಾಂಗಾ ಒಂದೂ ಇಲ್ಲ. ಬಯಲಿನಂಚಿನಲ್ಲಿ ಖಾಲಿ ಕ್ಯಾನು ಕಟ್ಟಿಕೊಂಡು ಹಾಲು ಮಾರುವ ಫಕೀರಪ್ಪ ಸೈಕಲ್ ಹಿಡಿದು ನಿಂತಿದ್ದ.

"ದೊಡ್ಡ ರಸ್ತೆ ಸುತ್ತಾಕ್ಕೈತ್ರಿ. ಹೊಲದಾಗಿನ ದಾರಿ ಹಿಡಿಯೂಣು. ಕ್ಯಾನ್ ಗಟ್ಟಿ ಹಿಡ್ಕೋರಿ," ಎಂದ ಫಕೀರಪ್ಪ.

ಬದುವಿಗೊಮ್ಮೆ ಬಿದ್ದು, ಎದ್ದು, ಒಂದು ಚಪ್ಪಲಿಯನ್ನು ಕೆಸರಿಗೆ ಕೊಟ್ಟು, ರೇಶ್ಮೆ ಧೋತರಕ್ಕೆಲ್ಲ ಮಣ್ಣು ಬಳಿದುಕೊಂಡು ಬಿಂದುಮಾಧವ ಮದುವೆಯ ಹಂದರದೊಳಗೆ ನುಗ್ಗಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಗೆದ್ದೆ ಎನ್ನಿಸಿತು.

"ಅಕ್ಕಾ, ಬಂದೆ!"

ಹಂದರದಲ್ಲಿ ನರಪಿಳ್ಳೆಯೂ ಇರಲಿಲ್ಲ. ಹೋಮದ ಸೌದೆಯ ಪಕ್ಕದಲ್ಲಿ ಕೆಲಸದ ಭೀಮವ್ವ ಒಬ್ಬಳೇ ಬಾಳೆಲೆ ಒರೆಸುತ್ತ ಕೂತಿದ್ದಳು.

"ಎಲ್ಲಾರೂ ಎಲ್ಲಿ ಹೋದ್ರವಾ?"

"ನಿಮ್ಮನ್ನ ಕರ್ಕೊಂಡ ಬರಾಕ ಹೋಗ್ಯಾರ್ರಿ, ರಾಯರ! ಪುಣೇದಿಂದ ಯಾರೋ ಮಾಸ್ತರು ತಂತಿ ಕೊಟ್ಟಿದ್ರು, ಸೋದರಮಾವ ಇಮಾನದಾಗ ಬರ್ತಾರಂತ. ಎರಡು ಲಾರಿ ಮಾಡ್ಕೊಂಡ ದೊಡ್ಡ ರಸ್ತೆ ಹಿಡದ ಹೋದ್ರು."

"ಮದುಮಗಳು?"

"ಮದುಮಗನ ಬಾಜೂಕ ಕುಂತ ಹೋದ್ಲ್ರಿ."

"ಭಟ್ಟರು?" ಬಿಂದುಮಾಧವ ಗಡಿಯಾರ ನೋಡಿದ.

"ಅವರ ಎಲ್ಲಾರಿಗಿಂತ ಮೊದಲ ಲಾರಿ ಹತ್ತಿದ್ರು. ಇಮಾನ ತಿರುಗಿ ಹಾರೂದು ನೋಡದ ಬರಂಗಿಲ್ಲ ಅಂದಾರ್ರಿ."