ಛತ್ರಿ ಬಂದರೆ ನೀವು ಬರಬೇಕು

ಮಣ್ಣು ಅಗೆಯುವ, ರಸ್ತೆ ತುಳಿಯುವ ದೊಡ್ಡ ಯಂತ್ರಗಳ ಎಂಜಿನ್ನಿಗೆ ಏನಾಗಿದೆ ಎಂದು ಪತ್ತೆ ಮಾಡುವುದು ನನ್ನ ಕಸುಬು. ವಾರಕ್ಕೊಂದಾದರೂ ವಿಚಿತ್ರ ನನ್ನ ಕೊರಳಿಗೆ ಗಂಟು ಬೀಳದೆ ಇರುವುದಿಲ್ಲ. ತರೀಕೆರೆಯಲ್ಲಿ ಮನೆ, ಬೈಕಿನ ಹಿಂದೆ ಲ್ಯಾಪ್‌ಟಾಪ್ ಕಟ್ಟಿಕೊಂಡು ಕಡೂರು, ಅಜ್ಜಂಪುರ ಎಂದು ಕರೆದಲ್ಲಿಗೆ ಹೋಗುತ್ತೇನೆ. ಈಗಿನ ಎಂಜಿನ್ನಿನ ಮೈತುಂಬ ಸೆನ್ಸರ್‌ಗಳು. ಬಿಸಿ ಎಷ್ಟು, ಒತ್ತಡ ಎಷ್ಟು ಎಂದು ಅಳೆಯುವ ಬೆರಳು ಗಾತ್ರದ ವಸ್ತುಗಳು. ಯಾವುದು ಕೈಕೊಟ್ಟಿದೆ ಎಂದು ಲ್ಯಾಪ್‌ಟಾಪ್ ಹೇಳುತ್ತದೆ. ಯಾಕೆ ಕೈಕೊಟ್ಟಿತು ಎಂದು ಹೇಳುವುದಿಲ್ಲ. ಅದು ಗೊತ್ತಾಗುವವರೆಗೂ ನನಗೆ ಊಟ ಸೇರುವುದಿಲ್ಲ. ಗೊತ್ತಾದ ಮೇಲೆ ನಗು ತಡೆಯಲಾಗುವುದಿಲ್ಲ.

೧. ಕೆಂಪು ದೀಪ

ತರೀಕೆರೆ ಹೊರವಲಯದ ರಸ್ತೆ ಕೆಲಸದಲ್ಲಿ ರೋಲರ್ ಓಡಿಸುತ್ತಿದ್ದ ಹಿರಿಯರೊಬ್ಬರು ಫೋನ್ ಮಾಡಿದರು. "ಎಂಜಿನ್ ಎಳೀತಿಲ್ಲ ಕಣಪ್ಪಾ, ಎತ್ತು ಮಲಗಿದಂಗೆ ಆಗೋಗಿದೆ."

"ಮುಂದುಗಡೆ ಕೆಂಪು ದೀಪ ಏನಾದ್ರೂ ಉರೀತಿದೆಯಾ?" ಎಂದು ಕೇಳಿದೆ.

"ಯಾವ ದೀಪಾನೂ ಕಾಣ್ತಿಲ್ಲ."

ದೀಪ ಉರಿಯದೆ ಎಂಜಿನ್ನಿನ ಶಕ್ತಿ ಇಳಿಯುವುದು ಹೇಗೆ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡು ಹೋದೆ. ಲ್ಯಾಪ್‌ಟಾಪ್ ಹಚ್ಚಿದರೆ ಎಣ್ಣೆಯ ಒತ್ತಡದ ಸೆನ್ಸರ್ ಹೋಗಿದೆ ಎಂದು ತೋರಿಸಿತು. ಹಾಗಾದರೆ ದೀಪ ಎಲ್ಲಿ ಹೋಯಿತು ಎಂದು ಬಗ್ಗಿ ನೋಡಿದೆ. ದೀಪದ ಜಾಗದಲ್ಲಿ ಹೆಂಗಸರು ಹಣೆಗಿಡುವ ದೊಡ್ಡ ಸ್ಟಿಕ್ಕರ್ ಬೊಟ್ಟು. ಉಗುರಿನಿಂದ ಎತ್ತಿದೆ. ಅಡಿಯಲ್ಲಿ ದೀಪ ಕೆಂಪಗೆ ಉರಿಯುತ್ತಿತ್ತು.

"ಯಜಮಾನ್ರೇ, ಇದು ಉರೀತಿದೆ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಕಣಪ್ಪಾ," ಎಂದರು ಅವರು, ನನ್ನ ದಡ್ಡತನಕ್ಕೆ ಮರುಗಿ. "ಅದಕ್ಕೇ ಅಲ್ವಾ ಅಂಟಿಸಿದ್ದು."

೨. ಏಣಿ, ಕುರ್ಚಿ, ಛತ್ರಿ

ಕಡೂರಿನ ಮಾಲೀಕರೊಬ್ಬರು ಹೊರದೇಶದಲ್ಲಿ ಓಡಿದ್ದ ಹಳೆಯ ಅಗೆಯುವ ಯಂತ್ರ ತರಿಸಿದ್ದರು. ಗಟ್ಟಿಮುಟ್ಟಾದ ಯಂತ್ರ. ಒಂದೇ ತೊಂದರೆ, ಅದರ ಪರದೆಯ ಮೇಲಿನ ಬರಹ ಅದರ ತವರಿನ ಲಿಪಿಯಲ್ಲಿತ್ತು. ಓಡಿಸುತ್ತಿದ್ದವನು ಅಂತರಘಟ್ಟೆ ಕಡೆಯ ಆಪರೇಟರ್, ಹೆಚ್ಚು ಮಾತಾಡದ ಮನುಷ್ಯ. ಒಂದು ದಿನ ಅವನಿಗೆ ಫೋನಿನಲ್ಲಿ, "ಪರದೆ ಮೇಲೆ ಏನು ಬಂದಿದೆ ಹೇಳು" ಎಂದೆ.

"ಒಂದು ಏಣಿ ಐತೆ ಸಾರ್. ಪಕ್ಕದಲ್ಲಿ ಕಾಲು ಮುರಿದ ಕುರ್ಚಿ."

ನಾನು ಅದನ್ನೇ ಚೀಟಿಯ ಮೇಲೆ ಬರೆದುಕೊಂಡು ಹೋಗಿ ನೋಡಿದರೆ, ಆ ಅಕ್ಷರಗಳು ನಿಜಕ್ಕೂ ಏಣಿ, ಕುರ್ಚಿಯ ಹಾಗೆಯೇ ಇದ್ದವು. ಎಂಜಿನ್ ಆಯಿಲ್ ಕಡಿಮೆಯಾಗಿತ್ತು. ಆಮೇಲೆ ಅವನು ತನ್ನ ನೋಟ್‌ಬುಕ್ ತೆಗೆದು ತೋರಿಸಿದ. ಎರಡು ವರ್ಷ ಪರದೆಯ ಮೇಲೆ ಬಂದದ್ದನ್ನೆಲ್ಲ ಪೆನ್ಸಿಲಿನಲ್ಲಿ ಬಿಡಿಸಿ, ಆ ದಿನ ಏನು ಕೆಟ್ಟಿತ್ತು ಎಂದು ಪಕ್ಕದಲ್ಲಿ ಬರೆದಿಟ್ಟಿದ್ದ. ಛತ್ರಿಯಂಥ ಒಂದು ಅಕ್ಷರದ ಪಕ್ಕ ಮಾತ್ರ ಖಾಲಿ ಇತ್ತು. ಕಂಪನಿಯ ದಪ್ಪ ಪುಸ್ತಕ ಇಟ್ಟುಕೊಂಡ ನನಗೆ ನಾಚಿಕೆಯಾಯಿತು, ಅವನ ಮೇಲೆ ಪ್ರೀತಿಯೂ ಬಂತು.

"ಇಷ್ಟೆಲ್ಲ ಗೊತ್ತಿದ್ಮೇಲೆ ನಾನು ಯಾಕಪ್ಪಾ?" ಎಂದೆ.

"ಇನ್ಮೇಲೆ ಕುರ್ಚಿ ಬಂದ್ರೆ ನಾನೇ ಆಯಿಲ್ ಹಾಕ್ಕೊತೀನಿ ಸಾರ್. ಛತ್ರಿ ಬಂದ್ರೆ ಮಾತ್ರ ನೀವು ಬರ್ಬೇಕು."

೩. ಹನ್ನೆರಡು ಗಂಟೆಯ ಚಳಿ

ಛತ್ರಿ ಬಂತು. ಅದೇ ಯಂತ್ರ ಬುಕ್ಕಾಂಬುಧಿಯ ದೊಡ್ಡ ಕೆರೆಯಲ್ಲಿ ಹೂಳೆತ್ತುತ್ತಿತ್ತು. ದಿನಾ ಹನ್ನೆರಡರ ಸುಮಾರಿಗೆ ಪರದೆಯ ಮೇಲೆ ಛತ್ರಿ, ಕೂಡಲೇ ಎಂಜಿನ್ ಸುಸ್ತು. ನಾನು ತಲುಪುವುದು ಮೂರಕ್ಕೆ. ಅಷ್ಟರಲ್ಲಿ ಯಂತ್ರ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತಿರುತ್ತಿತ್ತು. ನೀರಿನ ಬಿಸಿ ಅಳೆಯುವ ಸೆನ್ಸರ್ ಮಧ್ಯಾಹ್ನ ಮೈನಸ್ ನಲವತ್ತು ಡಿಗ್ರಿ ತೋರಿಸಿತ್ತು ಎಂದು ಲ್ಯಾಪ್‌ಟಾಪ್ ಹೇಳಿತು. ಅಂದರೆ ಆ ಹೊತ್ತಿನಲ್ಲಿ ಎಲ್ಲೋ ತಂತಿಯ ಸಂಪರ್ಕ ತಪ್ಪುತ್ತಿತ್ತು. ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿತ್ತು. ಹೊಸ ಸೆನ್ಸರ್ ಹಾಕಿದೆ. ಮಾರನೇ ದಿನ ಹನ್ನೆರಡಕ್ಕೆ ಮತ್ತೆ ಛತ್ರಿ.

ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ಸೆನ್ಸರ್ರೂ ಇಲ್ಲ, ಮಣ್ಣೂ ಇಲ್ಲ ಕಣ್ರೀ. ಭಾನುವಾರ ನಾನು ಬರಲ್ಲ, ಅವತ್ತು ಚೆನ್ನಾಗಿ ಓಡುತ್ತೆ. ನಾನು ಬಂದ್ರೆ ನಿಲ್ಲುತ್ತೆ. ಈ ಆಪರೇಟರ್ರು ಬೇಕಂತ್ಲೇ ನಿಲ್ಲಿಸ್ತಾನೆ. ಸೋಮವಾರ ಇನ್ನೊಂದ್ಸಲ ನಿಂತ್ರೆ ಅವನ್ನ ಸೀಟಿಂದ ಇಳಿಸ್ಬಿಡ್ತೀನಿ."

ಆಪರೇಟರ್ ದೂರದಲ್ಲಿ ನಿಂತು ನೋಟ್‌ಬುಕ್ಕಿನಲ್ಲಿ ಇನ್ನೊಂದು ಛತ್ರಿ ಬಿಡಿಸುತ್ತಿದ್ದ. ಎಂಜಿನ್ ಕೆಟ್ಟರೆ ನಾನಿದ್ದೇನೆ, ಅನ್ನ ಹೋದರೆ ಅವನಿಗೆ ಯಾರಿದ್ದಾರೆ?

ಶನಿವಾರ ಬೆಳಿಗ್ಗೆಯೇ ಹೋಗಿ ಕೆರೆ ಅಂಗಳದಲ್ಲಿ ಕೂತೆ. ಮಾಲೀಕರೂ ಬಂದು ಕೊಡೆ ಹಿಡಿದು ಕೂತರು. ಹನ್ನೆರಡಾಯಿತು, ಒಂದಾಯಿತು, ಛತ್ರಿ ಬರಲಿಲ್ಲ. ನನ್ನ ಬುತ್ತಿ ಬಿಚ್ಚಿ, "ಬನ್ನಿ, ಎರಡು ರೊಟ್ಟಿ ತಗೊಳ್ಳಿ" ಎಂದೆ. "ಶನಿವಾರ ಒಪ್ಪತ್ತು ಕಣ್ರೀ ನಂದು, ರಾತ್ರಿ ಒಂದೇ ಊಟ" ಎಂದರು. ಸಂಜೆಯವರೆಗೂ ಎಂಜಿನ್ ಒಂದು ಸಲವೂ ಮುಗ್ಗರಿಸಲಿಲ್ಲ.

ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮನ್ನ ಕಂಡ್ರೆ ಅದಕ್ಕೆ ಭಯ ಇರ್ಬೇಕು. ಕೆಲಸ ಮುಗಿಯೋಗಂಟ ಇಲ್ಲೇ ಇದ್ಬಿಡಿ."

೪. ಸಾಕ್ಷಿ

ಸೋಮವಾರ ಹನ್ನೊಂದಕ್ಕೇ ಹೋದೆ. ಸ್ವಲ್ಪ ಹೊತ್ತಿಗೆ ಮಾಲೀಕರ ಸ್ಕೂಟರ್ ಬಂತು. ಅವರು ಚೀಲವೊಂದನ್ನು ಆಪರೇಟರ್ ಕೈಗೆ ಕೊಟ್ಟು ನೆರಳಿಗೆ ಹೋದರು. ನಾನು ಲ್ಯಾಪ್‌ಟಾಪಿನ ತಂತಿ ಬಿಡಿಸುತ್ತಿದ್ದೆ, ಗಮನ ಕೊಡಲಿಲ್ಲ. ಹನ್ನೆರಡಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಛತ್ರಿ ಬಂದು ಎಂಜಿನ್ ಕುಗ್ಗಿತು.

ಮಾಲೀಕರು ಎದ್ದು ಬಂದರು. "ನೋಡಿದ್ರಾ? ನಿಮ್ಮ ಮುಂದೇನೇ ನಿಲ್ಲಿಸ್ದ. ಲೇ, ಕೀ ಕೊಡೋ."

ಆಪರೇಟರ್ ಎಂಜಿನ್ ಆರಿಸಿ, ಕೆಳಗಿಳಿದು ಕೀ ಚಾಚಿದ. "ಒಂದು ನಿಮಿಷ" ಎಂದು ನಾನು ಎಂಜಿನ್ನಿನ ಮುಚ್ಚಳ ಎತ್ತಿದೆ. ಒಳಗೆ ಬಿಸಿ ಕೊಳವೆಗಳ ನಡುವೆ, ಸೆನ್ಸರ್ ತಂತಿಯನ್ನು ಒತ್ತಿಕೊಂಡು, ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್ ಕೂತಿತ್ತು. ಬಟ್ಟೆ ಸುತ್ತಿ ಅದನ್ನು ಹೊರಗೆ ತೆಗೆದೆ. ತಂತಿ ಮತ್ತೆ ತನ್ನ ಜಾಗಕ್ಕೆ ಬಂತು. ಶನಿವಾರದ ಒಪ್ಪತ್ತು ಆಗ ನನ್ನ ತಲೆಗೆ ಹೊಳೆಯಿತು.

"ನೋಡಿದ್ರಾ, ಎಂಜಿನ್ ಒಳಗೆ ಊಟ ಇಟ್ಕೊಂಡವ್ನೆ," ಎಂದು ಮಾಲೀಕರು ಇನ್ನಷ್ಟು ಸಿಡುಕಿದರು. "ಯಾರದ್ದೋ ಇದು?"

ನಮ್ಮ ಕಡೆ ಪಾತ್ರೆಯ ಮೇಲೆ ಹೆಸರು ಕೆತ್ತಿಸುವುದು ಒಳ್ಳೆಯ ಪದ್ಧತಿ. ಮುಚ್ಚಳದ ಮೇಲಿದ್ದುದನ್ನು ನಾನು ಗಟ್ಟಿಯಾಗಿ ಓದಿದೆ. ಮಾಲೀಕರ ಹೆಸರು, ಅವರ ಹೆಂಡತಿಯ ಹೆಸರು, ಮಾವನ ಮನೆಯ ಉಡುಗೊರೆ, ಮದುವೆಯ ತಾರೀಖು.

ಆಪರೇಟರ್ ಮೆಲ್ಲಗೆ ಹೇಳಿದ. "ಊಟ ಬಿಸಿ ಇರ್ಬೇಕು ಅಂತ ನೀವೇ ಹೇಳಿದ್ರಲ್ಲ ಸಾಮಿ. ಈ ಕೆರೆ ಒಳಗೆ ಒಲೆ ಎಲ್ಲೈತೆ?"

ಮಾಲೀಕರು ನನ್ನನ್ನು ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಕ್ಯಾರಿಯರ್ ಇಸಕೊಂಡು ಮೇಲಿನ ಡಬ್ಬಿಯೊಳಗೆ ಬೆರಳು ಅದ್ದಿ ನೋಡಿದರು. ಕೀಯನ್ನು ಅವನ ಕೈಗೇ ಹಿಂತಿರುಗಿಸಿದರು.

"ಹತ್ತು ಸೀಟಿಗೆ. ಹುಷಾರಾಗಿ, ಆ ತಂತಿಗೆ ತಾಗದಂಗೆ ಇಟ್ಟು ಇನ್ನೊಂದು ಹತ್ತು ನಿಮಿಷ ಓಡಿಸು. ಸಾರು ಇನ್ನೂ ಬಿಸಿಯಾಗಿಲ್ಲ."