ರೋಣವೇ ಹೊನ್ನಾವರ, ನರಗುಂದವೇ ಉಡುಪಿ

ನಮ್ಮ ಕಾಕಾ ಕರಾವಳಿಯ ಪ್ರವಾಸವನ್ನು ಎಷ್ಟು ಸಲ ಮಾಡಿದ್ದಾರೆಂದು ಕೇಳಿದರೆ ಅವರಿಗೇ ಲೆಕ್ಕ ತಪ್ಪುತ್ತದೆ. ಕಾರವಾರ ಬಿಟ್ಟ ಮೇಲೆ ಎಲ್ಲಿ ನಿಲ್ಲಬೇಕು, ಎಲ್ಲಿ ಚಹಾ ಕುಡಿಯಬೇಕು, ಎಲ್ಲಿ ಕಾರಿಗೆ ಕರೆಂಟು ಕುಡಿಸಬೇಕು ಎಂಬುದೆಲ್ಲ ಉಡುಪಿಯವರೆಗೆ ಅವರಿಗೆ ಬಾಯಿಪಾಠ. ಇಷ್ಟೆಲ್ಲ ಪ್ರವಾಸದಲ್ಲಿ ಅವರು ನೋಡದೆ ಬಿಟ್ಟದ್ದು ಒಂದೇ ಒಂದು. ಸಮುದ್ರ!

ಸಮುದ್ರ ನೋಡದೆ ಕರಾವಳಿ ಸುತ್ತುವುದು ಹೇಗೆಂದು ನಿಮಗೆ ಸಂಶಯ ಬಂದಿರಬೇಕು. ಬರಲಿ, ನಮಗೂ ಬಂದಿತ್ತು. ಅದಕ್ಕೆ ಮೊದಲು ಅವರ ಕಾರಿನ ಕಥೆ ಕೇಳಬೇಕು.

ಕಾಕಾ ನಮ್ಮ ಗಜೇಂದ್ರಗಡದಲ್ಲೇ ಕರೆಂಟಿನ ಕಚೇರಿಯಲ್ಲಿದ್ದು ನಿವೃತ್ತರಾದವರು. ಕಂಬ ಹತ್ತಿದವರಲ್ಲ, ತಂತಿ ಎಳೆದವರಲ್ಲ, ಫೋನಿನ ಪಕ್ಕ ಕುಳಿತವರು. ಕರೆಂಟು ಹೋದಾಗ ಊರಿನವರು ಫೋನು ಮಾಡಿ ‘ಯಾವಾಗ ಬರತೈತ್ರಿ’ ಎಂದು ಕೇಳುವುದು, ಇವರು ‘ಬರತೈತಿ’ ಎನ್ನುವುದು. ಇಡೀ ನೌಕರಿಯನ್ನು ಒಂದೇ ಶಬ್ದದ ಮೇಲೆ ಮಾಡಿ ಮುಗಿಸಿದ ಮಹಾನುಭಾವರು ಲೋಕದಲ್ಲಿ ಎಷ್ಟು ಜನ ಸಿಕ್ಕಾರು? ಅಂಥವರು ನಿವೃತ್ತಿಯ ದುಡ್ಡು ಕೈಗೆ ಬಂದ ಕೂಡಲೆ ಕರೆಂಟಿನ ಕಾರನ್ನೇ ಕೊಂಡರು. ಕೊಂಡದ್ದು ತಮಗಲ್ಲವಂತೆ, ಹೆಂಡತಿಗಂತೆ, ಅಂದರೆ ನಮ್ಮ ಚಿಗವ್ವನಿಗಂತೆ.

ಚಿಗವ್ವ ರಾಜೂರಿನ ಶಾಲೆಯಲ್ಲಿ ಅಕ್ಕೋರಾಗಿದ್ದಳು. ಪ್ರತಿ ವರ್ಷ ಕರಿಹಲಗೆಯ ಮೇಲೆ ಕರ್ನಾಟಕದ ನಕಾಶೆ ಬರೆದು, ಎಡಗಡೆಗೆ ನೀಲಿ ಸುಣ್ಣದ ಕಡ್ಡಿಯಿಂದ ಅಲೆ ಎಬ್ಬಿಸಿ, ಇದು ಅರಬ್ಬೀ ಸಮುದ್ರ ಎಂದು ಹೇಳಿಕೊಡುತ್ತಿದ್ದಳು. ಒಮ್ಮೆ ಒಂದು ಹುಡುಗಿ ಎದ್ದು ನಿಂತು, ‘ನೀವು ನೋಡೀರೇನ್ರಿ ಅಕ್ಕೋರ’ ಎಂದಿತಂತೆ. ನೋಡಿ ಬಂದು ಹೇಳುತ್ತೇನೆ ಎಂದು ಚಿಗವ್ವ ಮಾತು ಕೊಟ್ಟಿದ್ದಳು. ಆ ಹುಡುಗಿಯ ಮಗಳು ಈಗ ಅದೇ ಶಾಲೆಗೆ ಹೋಗುತ್ತಾಳೆ, ಅಕ್ಕೋರು ಇನ್ನೂ ನೋಡಿರಲಿಲ್ಲ! ಅಷ್ಟರಲ್ಲಿ ಚಿಗವ್ವನ ಮೊಣಕಾಲು ತಕರಾರು ತೆಗೆದವು. ಡಾಕ್ಟರು ಎಕ್ಸರೇ ನೋಡಿ ತಲೆ ಅಲ್ಲಾಡಿಸಿದರು. ಆವತ್ತು ಮನೆಗೆ ಬಂದವಳೇ ಕಾಕಾನಿಗೆ ಹೇಳಿದಳು.

“ಕಾಲ ನಡಿಯೂತನಕ ಒಮ್ಮಿ ಸಮುದ್ರ ತೋರಸ್ರಿ. ಮುಂದ ನಾ ಏನೂ ಕೇಳೂದಿಲ್ಲ.”

ಹೆಂಡತಿ ಮುಂದೆ ಏನೂ ಕೇಳುವುದಿಲ್ಲ ಎಂದರೆ ಯಾವ ಗಂಡ ಹಿಂದೆ ಸರಿದಾನು? ಕಾಕಾ ಮರುವಾರವೇ ಕಾರು ತಂದರು. ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ಇನ್ನು ಹೊರಡುವುದೊಂದೇ ಬಾಕಿ. ಆ ಒಂದೇ ಬಾಕಿಯೊಳಗೆ ಎರಡು ಬೇಸಿಗೆ ಹೋದವು!

ಕಾರಣ ಚಾರ್ಜು. ಕರಾವಳಿಯ ದಾರಿಯುದ್ದಕ್ಕೂ ಚಾರ್ಜಿಂಗ್ ಸ್ಟೇಷನ್ನುಗಳಿವೆ ಎಂದು ನಾನೇ ಫೋನಿನಲ್ಲಿ ತೋರಿಸಿದೆ. ನಕಾಶೆಯ ತುಂಬ ಹಸಿರು ಚುಕ್ಕೆಗಳು. ಕಾಕಾ ಕನ್ನಡಕ ಏರಿಸಿ ನೋಡಿ, ನನ್ನನ್ನು ಎಳೆಗೂಸಿನ ಹಾಗೆ ಕಂಡು, ಮೆಲ್ಲಗೆ ಹೇಳಿದರು.

“ತಮ್ಮಾ, ಬೋರ್ಡ್ ಇರತೈತಿ, ಕರೆಂಟ್ ಇರೂದಿಲ್ಲ. ಕೇಳಿದ್ರ ಬರತೈತಿ ಅಂತಾರ. ಆ ಬರತೈತಿ ಅಂದ್ರ ಏನಂತ ನನಗ ಗೊತ್ತೈತಿ.”

ಅಡಿಗೆ ಮಾಡಿದವನೇ ಉಣ್ಣಬೇಡಿರೆಂದು ಕೈಮುಗಿದರೆ ಎಲೆ ಬಿಟ್ಟು ಏಳುವುದೇ ಲೇಸು.

ಹಾಗಾಗಿ ತಾಲೀಮು ಶುರುವಾಯಿತು. ನಾಟಕಕ್ಕೆ ತಾಲೀಮು ಇರುವುದು ನಿಮಗೆ ಗೊತ್ತು, ಪ್ರವಾಸಕ್ಕೆ ತಾಲೀಮು ಕಂಡುಹಿಡಿದವರು ನಮ್ಮ ಕಾಕಾ. ಗಜೇಂದ್ರಗಡವೇ ಕಾರವಾರ, ರಾಜೂರೇ ಅಂಕೋಲಾ, ರೋಣವೇ ಹೊನ್ನಾವರ, ನರಗುಂದವೇ ಉಡುಪಿ ಎಂದು ಅವರು ಊರುಗಳಿಗೆ ಹೊಸದಾಗಿ ನಾಮಕರಣ ಮಾಡಿದರು. ರಾಜೂರು ನಮ್ಮ ಊರಿಗೆ ಕೂಗಳತೆ. ಅಂಕೋಲಾ ಕಾರವಾರಕ್ಕೆ ಅಷ್ಟು ಹತ್ತಿರವಿಲ್ಲವಲ್ಲ? ದೂರ ಹೊಂದಿಸಲು ಕಾಕಾ ರಾಜೂರಿಗೆ ಹೋಗಿ ಬಂದು ಹೋಗಿ ಬಂದು ಮಾಡುತ್ತಿದ್ದರು. ಯಾರೋ ಏನೋ ಕಳೆದುಕೊಂಡಿದ್ದಾರೆಂದು ಹೊಲದಲ್ಲಿದ್ದವರು ದಾರಿಯ ಮೇಲೆ ಹುಡುಕಲು ಬಂದದ್ದೂ ಉಂಟು!

ನಮ್ಮ ಕಡೆ ಸ್ಟೇಷನ್ನು ಇಲ್ಲದಿದ್ದರೇನಾಯಿತು, ಬಂಧುಗಳಿಲ್ಲವೇ? ಯಾರ ಮನೆಯಲ್ಲಿ ಫ್ರಿಜ್ಜಿನ ದೊಡ್ಡ ಸಾಕೆಟ್ಟಿದೆಯೋ ಅದೇ ಸ್ಟೇಷನ್ನು. ಫ್ರಿಜ್ಜಿನ ವೈರು ಕಿತ್ತು ಕಾರಿನ ವೈರು ಸಿಕ್ಕಿಸಿದರೆ ಆಯಿತು. ಆದರೆ ಹಾಗೆ ಚಾರ್ಜು ಮಾಡಲು ಇಡೀ ದಿನ ಬೇಕು. ಇಡೀ ದಿನ ಮನೆಗೆ ಬಂದ ಬಂಧುವನ್ನು ಉಪವಾಸ ಕೂಡಿಸಲು ಬರುತ್ತದೆಯೇ? ಬೆಳಿಗ್ಗೆ ಒಗ್ಗರಣಿ ಅವಲಕ್ಕಿ, ಮಧ್ಯಾಹ್ನ ರೊಟ್ಟಿ ಎಣಗಾಯಿ, ಸಂಜೆಗೆ ಮಿರ್ಚಿ ಭಜಿ. ಅತ್ತ ಫ್ರಿಜ್ಜಿನಲ್ಲಿ ಹಾಲು ಒಡೆಯುತ್ತಿರುತ್ತಿತ್ತು, ಇತ್ತ ಕಾಕಾ ಮಜ್ಜಿಗೆ ಕೇಳುತ್ತಿದ್ದರು.

ಮೊದಲು ಅವರ ಹತ್ತಿರ ಒಂದು ಹಳೆಯ ಮೋಟರ್ ಸೈಕಲ್ಲಿತ್ತು. ಅದರ ಸದ್ದು ಊರ ಹೊರಗೇ ಕೇಳಿ, ಬೇಕಾದವರು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಡಬಹುದಿತ್ತು. ಕರೆಂಟಿನ ಕಾರಿಗೆ ಸದ್ದೇ ಇಲ್ಲ! ತಲೆ ಎತ್ತಿ ನೋಡುವುದರಲ್ಲಿ ಕಾಕಾ ವೈರು ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತಿದ್ದರು. ವಿಜ್ಞಾನದಿಂದ ಮನುಷ್ಯರಿಗಾದ ತೊಂದರೆಗಳಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ.

ರೋಣದಲ್ಲಿ, ಅಂದರೆ ಹೊನ್ನಾವರದಲ್ಲಿ, ಕಾಕಾನ ತಂಗಿಯ ಮನೆ. ನಮ್ಮಲ್ಲಿ ಮುತ್ತೈದೆ ಮನೆಗೆ ಬಂದು ಹೋಗುವಾಗ ಉಡಿ ತುಂಬದೆ ಕಳಿಸುವುದಿಲ್ಲ. ಅಕ್ಕಿ, ತೆಂಗಿನಕಾಯಿ, ಖಣ, ಎಲೆ ಅಡಿಕೆ. ತಂಗಿ ತನ್ನ ವೈನಿಯ, ಅಂದರೆ ಚಿಗವ್ವನ, ಉಡಿಗೆ ಎರಡೂ ಕೈಯಿಂದ ಅಕ್ಕಿ ಸುರಿಯುವುದನ್ನು ನೋಡಿ ಕಾಕಾನ ಜೀವ ಚುರ್ ಎಂದಿತು. ಭಾರ ಏರಿದರೆ ಚಾರ್ಜು ಇಳಿಯುತ್ತದೆ ತಾನೇ?

“ಒಂದ ಹಿಡಿ ಸಾಕವ್ವಾ. ಭಾರ ಆದ್ರ ಉಡುಪಿ ಮುಟ್ಟೂದಿಲ್ಲ.”

“ಉಡಿ ತುಂಬೂದು ನಮ್ಮ ವೈನಿಗೆ, ನಿನ್ನ ಗಾಡಿಗಲ್ಲ. ಭಾರ ಆದ್ರ ನೀ ಇಳದ ನಡಿ,” ಎಂದು ತಂಗಿ ಇನ್ನೊಂದು ತೆಂಗಿನಕಾಯಿ ಇಟ್ಟಳು.

ಇಳಿದು ನಡೆದವನು ಮಾತ್ರ ನಾನು. ಏರು ಬಂದಲ್ಲೆಲ್ಲ ನನ್ನನ್ನು ಇಳಿಸುತ್ತಿದ್ದರು, ಚಕ್ಕಡಿಯಿಂದ ಇಳಿಸುವ ಹಾಗೆ. ಏಸಿ ಹಚ್ಚುವ ಹಾಗಿಲ್ಲ, ಚಾರ್ಜು ತಿನ್ನುತ್ತದೆ. ಹಾರ್ನ್ ಹೊಡೆಯುವ ಹಾಗಿಲ್ಲ, ಅದೂ ತಿನ್ನುತ್ತದಂತೆ. ದಾರಿಗೆ ಕುರಿಹಿಂಡು ಬಂದರೆ ಕಾಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ ‘ಹೋಯ್ ಹೋಯ್’ ಎನ್ನುತ್ತಿದ್ದರು. ಕುರಿಗಳು ಇಷ್ಟು ದೊಡ್ಡ ಕುರುಬನನ್ನು ಕಂಡಿರಲಿಲ್ಲವೇನೋ, ಕಾರಿನ ಹಿಂದೆಯೇ ಬರುತ್ತಿದ್ದವು!

ಇನ್ನು ಘಟ್ಟ. ಕರಾವಳಿಗೆ ಹೋಗುವವರು ಘಟ್ಟ ಇಳಿಯಬೇಕಲ್ಲ, ಅದಕ್ಕೆ ನಮ್ಮ ಗುಡ್ಡವೇ ಗತಿ. ಇಳಿಜಾರಿನಲ್ಲಿ ಬ್ರೇಕು ಹಾಕಿದರೆ ಬ್ಯಾಟರಿಗೆ ಸ್ವಲ್ಪ ಚಾರ್ಜು ವಾಪಸು ಬರುತ್ತದೆಂದು ಕಾಕಾನಿಗೆ ಗೊತ್ತಾದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದರು. ಅಲ್ಲಿಂದ ಮುಂದೆ ದಿನಾ ಸಂಜೆ ಗಾಳಿಯಂತ್ರಗಳಿರುವ ಗುಡ್ಡ ಹತ್ತುವುದು, ಇಳಿಯುವುದು. ಹತ್ತುವಾಗ ಹೋದದ್ದರ ಬಗ್ಗೆ ಮಾತಿಲ್ಲ, ಇಳಿಯುವಾಗ ಬಂದದ್ದನ್ನು ಓಣಿಗೆಲ್ಲ ಹೇಳುವುದು. ಸೇರು ಚೆಲ್ಲಿ ಚಟಾಕು ಆರಿಸಿಕೊಂಡು ಲಾಭವಾಯಿತೆನ್ನುವವರಿಗೆ ಏನೆನ್ನುತ್ತೀರಿ?

ಈ ಎಲ್ಲ ತಾಲೀಮಿನಲ್ಲೂ ಚಿಗವ್ವ ಹಿಂದಿನ ಸೀಟಿನಲ್ಲಿ ಬೀಸಣಿಕೆ ಹಿಡಿದು ಕೂತಿರುತ್ತಿದ್ದಳು. ಬಾಯಿ ಬಿಡುತ್ತಿರಲಿಲ್ಲ. ಬಿಟ್ಟದ್ದು ಒಂದೇ ಸಲ, ಈ ಚೈತ್ರದಲ್ಲಿ. ಆವತ್ತು ನರಗುಂದ ಮುಟ್ಟಿದಾಗ ಚಾರ್ಜು ಇನ್ನೂ ಉಳಿದಿತ್ತು. ಕಾಕಾ ಹಿಗ್ಗಿ, ನೋಡು, ಉಡುಪಿ ಬಂತು ಎಂದರು. ಚಿಗವ್ವ ಕಿಟಕಿಯಿಂದ ಆಚೆ ನೋಡಿದಳು. ಕಡಲೆ ಕಿತ್ತ ಎರೆಹೊಲ ಕಣ್ಣು ಹೋದಷ್ಟೂ ಬಿರುಕು ಬಿಟ್ಟು ಬಿದ್ದಿತ್ತು.

“ಸಮುದ್ರ ಎಲ್ಲೈತ್ರಿ?”

“ಅದನ್ನ ಆಮ್ಯಾಲೆ ನೋಡೂಣು. ಮೊದಲ ಚಾರ್ಜಿಂದು ಪಕ್ಕಾ ಆಗ್ಲಿ.”

ಮರಳಿ ಮನೆ ಮುಟ್ಟಿದ ಮೇಲೆ ಚಿಗವ್ವ ಕಾರಿನಿಂದ ಇಳಿಯಲು ಎರಡು ಸಲ ಪ್ರಯತ್ನ ಮಾಡಿದಳು, ಮೊಣಕಾಲು ಏಳಲಿಲ್ಲ. ಮೂರನೆಯ ಸಲ ನಾನು ಹಿಡಿದೆ.

ಮರುವಾರ ಒಂದು ಬೆಳಿಗ್ಗೆ ಚಿಗವ್ವ, ತನ್ನ ಶಾಲೆಯಲ್ಲೇ ಇದ್ದ ಇನ್ನೊಬ್ಬ ಅಕ್ಕೋರನ್ನು ಕರೆದುಕೊಂಡು, ಸ್ಟ್ಯಾಂಡಿಗೆ ಹೋಗಿ ಹುಬ್ಬಳ್ಳಿ ಬಸ್ಸು ಹತ್ತಿದಳು. ಆ ಅಕ್ಕೋರ ಮಗಳು ಇರುವುದು ಅಂಕೋಲೆಯಲ್ಲಿ. ರಾಜೂರಿನಲ್ಲಲ್ಲ, ಖರೇ ಅಂಕೋಲೆಯಲ್ಲಿ! ಹೆಣ್ಣುಮಕ್ಕಳಿಗೆ ಈಗ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತಾನೆ. ಕಾಕಾ ಎರಡು ವರ್ಷ ತಾಲೀಮು ಮಾಡಿ ಮುಟ್ಟದ ಕರಾವಳಿಯನ್ನು ಚಿಗವ್ವ ಒಂದು ಕಾರ್ಡು ತೋರಿಸಿ ಮುಟ್ಟಿದಳು. ಹೇಳಿಯೇ ಹೋಗಿದ್ದಳಂತೆ. ಕಾಕಾ ಅದನ್ನು ಹುಸಿ ಮುನಿಸೆಂದು ತಿಳಿದು ಮಗ್ಗುಲು ಬದಲಿಸಿ ಮಲಗಿದ್ದರು.

ಸಂಜೆ ಅಂಕೋಲೆಯಿಂದ ಫೋನು ಬಂತು. ಮುಟ್ಟಿದ್ದೇವೆ, ನಾಳೆ ಬೆಳಿಗ್ಗೆ ಸಮುದ್ರಕ್ಕೆ ಹೋಗುತ್ತೇವೆ, ಗಡಿಗೆಯಲ್ಲಿ ಸಾರು ಇದೆ.

ಇಂಥ ಹೊತ್ತು ಬಿಟ್ಟರೆ ಮತ್ತೆ ಸಿಗುತ್ತದೆಯೇ? ನಾನು ನನ್ನ ಸೀರೆ ಅಂಗಡಿ ಮುಚ್ಚಿ, ಚೇಷ್ಟೆ ಮಾಡಲೆಂದೇ ಕಾಕಾನ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತಿದ್ದರು. ಚಿಗವ್ವನ ಬಸ್ಸಿಗೆ ಎಲ್ಲೆಲ್ಲಿ ಚಾರ್ಜು ಮಾಡಿದರಂತೆ ಎಂದು ಕೇಳಿದೆ. ನಗಲಿಲ್ಲ. ಬೈಯಲೂ ಇಲ್ಲ. ನೆಲ ನೋಡುತ್ತ ಹೇಳಿದರು.

“ಗಾಡಿ ನಡುದಾರ್ಯಾಗ ನಿಂತ್ರ ನೀ ನಡೀತಿ, ನಾ ನಡೀತೇನಿ. ಆಕಿ ನಡಿಯೂದಿಲ್ಲ. ರೋಣದಾಗ ನಿಂತ್ರ ಯಾರರೆ ಒಂದ ಕುರ್ಚಿ ತಂದ ಹಾಕತಾರ. ಅಲ್ಲಿ ಯಾರ ಅದಾರೋ ನಮಗ?”

ನಾನು ತಂದಿದ್ದ ಚೇಷ್ಟೆಯನ್ನೆಲ್ಲ ಹಾಗೆಯೇ ವಾಪಸು ಒಯ್ದೆ.

ಬೆಳಕು ಹರಿಯುವಾಗ ನನ್ನ ಮನೆಯ ಮುಂದೆ ಹಾರ್ನ್ ಕೇಳಿಸಿತು. ಹಾರ್ನ್! ನಾನು ಎದ್ದು ಬರುವವರೆಗೂ ಹೊಡೆಯುತ್ತಲೇ ಇದ್ದರು. ಅಂಗಿಯ ಗುಂಡಿ ತಪ್ಪು ತೂತಿನಲ್ಲಿ. ಹತ್ತು ಎಂದರು, ಹತ್ತಿದೆ. ಹುಬ್ಬಳ್ಳಿಯ ಸ್ಟೇಷನ್ನಿನಲ್ಲಿ ಬೋರ್ಡೂ ಇತ್ತು, ಕರೆಂಟೂ ಇತ್ತು. ನಾವು ಇಡ್ಲಿ ತಿಂದು ಚಹಾ ಕುಡಿಯುವುದರಲ್ಲಿ ಕಾರಿನ ಹೊಟ್ಟೆ ತುಂಬಿತು. ಕಾಕಾನಿಗೆ ಇದು ಸಮಾಧಾನ ತರಲಿಲ್ಲ. ಸುತ್ತ ಮುತ್ತ ನೋಡಿ, ಇಷ್ಟು ಹೊತ್ತು ನಿಂತರೂ ಒಬ್ಬರಾದರೂ ಊಟಕ್ಕೆ ಏಳ್ರಿ ಅನ್ನಲಿಲ್ಲವಲ್ಲ ಎಂದು ನೊಂದುಕೊಂಡರು. ಘಟ್ಟ ಇಳಿಯುವಾಗ ಮೀಟರಿನ ಅಂಕಿ ತಾನಾಗಿ ಏರತೊಡಗಿತು. ಬೇರೆ ದಿನವಾಗಿದ್ದರೆ ಗಾಡಿ ನಿಲ್ಲಿಸಿ ಹೋಳಿಗೆ ಮಾಡಿಸುತ್ತಿದ್ದರು. ಚಾರ್ಜು ಬರುತ್ತಿದೆ ನೋಡ್ರಿ ಎಂದೆ. ದಾರಿ ನೋಡು, ಸುಮ್ಮನಿರು ಎಂದರು.

ಸಮುದ್ರದ ದಂಡೆಗೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಷ್ಟು ನೀರನ್ನು ಒಮ್ಮೆಲೇ ನೋಡಿ ನಾನು ಕಾರಿನ ಬಾಗಿಲು ಹಾಕುವುದನ್ನೇ ಮರೆತೆ. ಕಾಕಾ ನೀರಿನ ಕಡೆ ನೋಡಲೇ ಇಲ್ಲ. ಉಸುಕಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಚಿಗವ್ವನ ಹತ್ತಿರ ಹೋಗಿ, ಹೆಂಡತಿಯ ಯೋಗಕ್ಷೇಮ ಬಿಟ್ಟು, ಈ ಕುರ್ಚಿ ಯಾರು ಕೊಟ್ಟರು ಎಂದು ವಿಚಾರಣೆ ಮಾಡಿದರು.

“ಚಹಾದಂಗಡಿಯಾಕಿ. ಕೇಳಿರಲಿಲ್ಲ, ತಾನ ತಂದ ಹಾಕಿದ್ಲು.”

ಕಾಕಾ ಅಂಗಡಿಯ ಕಡೆ ನೋಡಿದರು. ಎರಡು ವರ್ಷದ ವಾದ ಸೋತವರ ಮುಖ ಹೇಗಿರುತ್ತದೆಂದು ನಾನು ಅಂದು ಕಂಡೆ. ಜೊತೆಗೆ ಬಂದಿದ್ದ ಅಕ್ಕೋರು ದೂರು ಹೇಳತೊಡಗಿದರು. ತಾವು ನಡುಮಟ ನೀರಿನಲ್ಲಿ ನಿಂತು ಬಂದರಂತೆ, ಮಗಳು ನಿಂತು ಬಂದಳಂತೆ, ನಿಮ್ಮವರು ಮಾತ್ರ ಬೆಳಿಗ್ಗೆಯಿಂದ ಕೂತಲ್ಲೇ ಕೂತಿದ್ದಾರೆ, ಪಾದ ಕೂಡ ತೋಯಿಸಿಲ್ಲ.

“ಉಸುಕು ಜಾರತೈತ್ರಿ,” ಎಂದಳು ಚಿಗವ್ವ, ಯಾರನ್ನೂ ನೋಡದೆ. “ಹಿಡಕೊಳ್ಳಾಕ ರೂಢಿ ಇದ್ದ ಕೈ ಬೇಕು.”

ರೂಢಿ ಎಲ್ಲಿತ್ತು? ನನಗೆ ತಿಳಿವಳಿಕೆ ಬಂದಾಗಿನಿಂದ ಅವರಿಬ್ಬರು ನಾಲ್ಕು ಜನರ ಎದುರು ಒಂದೇ ಮಂಚದ ಮೇಲೆ ಕೂತದ್ದನ್ನೂ ನಾನು ಕಂಡಿಲ್ಲ. ಕಾಕಾ ಪ್ಯಾಂಟು ಮಡಚಿದರು. ಚಪ್ಪಲಿ ಬಿಟ್ಟರು. ಬಿಡುವ ಮೊದಲು ಒಂದೆರಡು ಅಲೆ ಬಂದು ಹೋಗುವುದನ್ನು ನೋಡಿ, ಇಲ್ಲಿಯವರೆಗೆ ನೀರು ಬರುವುದಿಲ್ಲ ಎಂದು ಅಂದಾಜು ಮಾಡಿ, ಜೋಡಿಸಿ ಇಟ್ಟರು. ಆಮೇಲೆ ಚಿಗವ್ವನ ಎರಡೂ ಕೈ ಹಿಡಿದು ಎಬ್ಬಿಸಿ, ತಾವು ಹಿಂದೆ ಹಿಂದೆ ಸರಿಯುತ್ತ, ನೀರಿನೊಳಗೆ ಕರೆದೊಯ್ದರು. ದೊಡ್ಡವರು ಹಾಗಿರುವಾಗ ನೋಡಬಾರದು. ನಾನು ಬೇರೆ ಕಡೆ ಮುಖ ತಿರುವಿದೆ. ಅದಕ್ಕೇ ನನ್ನ ಕಣ್ಣಿಗೆ ಬಿತ್ತು, ಒಂದು ದೊಡ್ಡ ಅಲೆ ಅಂದಾಜು ದಾಟಿ ಬಂದು ಚಪ್ಪಲಿಗಳನ್ನು ಎತ್ತಿಕೊಂಡದ್ದು.

“ಕಾಕಾ, ನಿಮ್ಮ ಚಪ್ಪಲಿ ಹೊಂಟಾವ್ರಿ,” ಎಂದು ಕೂಗಿದೆ.

ಕಾಕಾ ತಿರುಗಿ ನೋಡಿದರು. ಚಪ್ಪಲಿಗಳು ಅವರ ಮೊಣಕಾಲಿನ ಪಕ್ಕದಿಂದಲೇ ತೇಲುತ್ತ ಹೋಗುತ್ತಿದ್ದವು. ಒಂದು ಕೈ ಬಿಟ್ಟು ಬಗ್ಗಿದ್ದರೆ ಸಿಗುತ್ತಿದ್ದವು.

“ಹೋಗ್ಲಿ ಬಿಡೋ,” ಎಂದರು.