ಮುಯ್ಯಿಗೆ ಕೊಟ್ಟ ಚೆಕ್ಕು

ಊರಿಗಾಂನ ಆ ಬ್ಯಾಂಕಿಗೆ ಹೊಸ ಮ್ಯಾನೇಜರು ಬಂದಾಗಲೆಲ್ಲ ಹಳೆಯ ಮ್ಯಾನೇಜರು ಮೂರನ್ನು ತೋರಿಸಿ ಹೋಗುತ್ತಿದ್ದರಂತೆ: ತಿಜೋರಿಯ ಬೀಗದ ಕೈ, ಕಳ್ಳರು ಬಂದರೆ ಒತ್ತುವ ಗಂಟೆಯ ಗುಂಡಿ, ಆಮೇಲೆ ನಮ್ಮ ಮಾವ. ಮೊದಲೆರಡನ್ನು ಹತ್ತಿರ ಕರೆದು ತೋರಿಸುತ್ತಿದ್ದರು. ಮೂರನೆಯದನ್ನು ಮಾತ್ರ ಬಾಗಿಲ ಸಂದಿಯಿಂದ ತೋರಿಸಿ, ‘ಅಗೋ, ಆ ಬೆಂಚಿನ ಮೇಲೆ ಕೂತಿದ್ದಾರಲ್ಲ, ಅವರೇ’ ಎಂದು ಪಿಸುಗುಟ್ಟಿ, ಸಿಕ್ಕಿದ ಬಸ್ಸು ಹತ್ತಿ ಪಾರಾಗುತ್ತಿದ್ದರು. ಇವಳು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಾಳೆ ಅಂದುಕೊಂಡಿರಾ? ಹಚ್ಚುತ್ತಿದ್ದೇನೆ. ಆದರೆ ಸ್ವಲ್ಪವೇ!

ಮಾವ ಎಂದರೆ ನಮ್ಮಮ್ಮನ ತಮ್ಮ. ಕೆ.ಜಿ.ಎಫ್.ನ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಅಮ್ಮನಿಗೂ ಅವರಿಗೂ ಹಿರಿಯಳು ನಮ್ಮ ದೊಡ್ಡಮ್ಮ. ಅವಳನ್ನು ಬೂದಿಕೋಟೆಗೆ ಕೊಟ್ಟಿತ್ತು. ಅಜ್ಜಿ ಬೇಗ ತೀರಿಕೊಂಡದ್ದರಿಂದ ಮಾವನನ್ನು ಕಂಕುಳಲ್ಲಿ ಎತ್ತಿಕೊಂಡು ಸಾಕಿದವಳು ಈ ದೊಡ್ಡಮ್ಮನೇ. ಮಾವ ಕೆ.ಜಿ.ಎಫ್.ನ ಊರಿಗಾಂನಲ್ಲಿ, ಅವಳು ಬೂದಿಕೋಟೆಯಲ್ಲಿ, ನಾವು ನಡುವೆ ಬಂಗಾರಪೇಟೆಯಲ್ಲಿ. ಮುಂದೆ ಅವರ ಜಗಳಕ್ಕೂ ನಾವೇ ನಡುವೆ ಸಿಕ್ಕಿಕೊಂಡೆವು.

ಎಪ್ಪತ್ತರ ದಶಕದ ಕೊನೆಯಲ್ಲಿ ಮಾವ ಉಳಿತಾಯ ಖಾತೆಗೆ ಚೆಕ್ ಪುಸ್ತಕ ತೆಗೆದುಕೊಂಡರು. ನಮ್ಮ ವಂಶದಲ್ಲೇ ಮೊದಲ ಚೆಕ್ ಪುಸ್ತಕ ಅದು. ಅದನ್ನು ಷರ್ಟಿನ ಜೇಬಿನಲ್ಲಿ ತುದಿ ಕಾಣುವ ಹಾಗೆ ಇಟ್ಟುಕೊಂಡು ತಿರುಗಾಡುತ್ತಿದ್ದರು. ತರಕಾರಿಯವಳಿಗೆ ಚೆಕ್ಕು ಕೊಡಲು ಹೋದರೆ ಆಕೆ ಸೊಪ್ಪಿನ ಕಟ್ಟನ್ನು ವಾಪಸ್ಸು ಕಿತ್ತುಕೊಂಡಳು ಎಂದು ನಮ್ಮತ್ತೆ ಎಲ್ಲರೆದುರು ಹೇಳುತ್ತಿದ್ದರು. ಹೇಳಿದಾಗಲೆಲ್ಲ ಮಾವ, ಆ ಯಮ್ಮನಿಗೆ ಬ್ಯಾಂಕಿನ ವ್ಯವಹಾರ ಗೊತ್ತಿಲ್ಲ ಪಾಪ ಎಂದು ಮರುಗುತ್ತಿದ್ದರು.

ಅದೇ ಹೊತ್ತಿಗೆ ದೊಡ್ಡಮ್ಮನ ಮಗಳ ಮದುವೆ ಬಂತು. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಕೊಡುವುದು ಗುಟ್ಟಿನ ವ್ಯವಹಾರವಲ್ಲ. ಒಬ್ಬರು ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಮೈಕಿನಲ್ಲಿ ಕೂಗುತ್ತಾರೆ. ಯಾರು ಎಷ್ಟು ಹಾಕಿದರು ಅನ್ನುವುದು ಪಕ್ಕದ ಹಳ್ಳಿಯ ದನಕ್ಕೂ ಕೇಳಿಸಬೇಕು! ಸೋದರಮಾವನ ಮುಯ್ಯಿ ಎಂದರೆ ಎಲ್ಲಕ್ಕಿಂತ ದೊಡ್ಡದು. ಮಾವ ಜೇಬಿನಿಂದ ಪುಸ್ತಕ ತೆಗೆದು, ಎಲ್ಲರೂ ನೋಡುತ್ತಿರುವಾಗ ಐನೂರಾ ಒಂದು ರೂಪಾಯಿಗೆ ಚೆಕ್ಕು ಬರೆದು, ಚರ್ರ್ ಎಂದು ಹರಿದು ಕೊಟ್ಟರು. ಮೈಕಿನವನು ಏನು ಕೂಗಬೇಕೆಂದೇ ತಿಳಿಯದೆ ಎರಡು ಸಲ ಕೆಮ್ಮಿದ. ಚೆಕ್ಕು ಕೈಯಿಂದ ಕೈಗೆ ಹೋಯಿತು. ಮುತ್ತೈದೆಯೊಬ್ಬರು ಅದರ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ನಡುವೆ ಕುಂಕುಮವನ್ನೂ ಇಟ್ಟರು.

ದೊಡ್ಡಪ್ಪನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೇರೆಯವರ ಮುಯ್ಯಿ ದುಡ್ಡು ಅಡುಗೆಯವನಿಗೆ, ಶಾಮಿಯಾನದವನಿಗೆ ಅಂತ ಅಂದೇ ಕರಗುತ್ತದೆ. ಸೋದರಮಾವನ ಮುಯ್ಯಿ ಮಾತ್ರ ದೇವರ ಮುಂದೆ ಇರಬೇಕು. ಮದುಮಗಳು ಆಷಾಢಕ್ಕೆ ತವರಿಗೆ ಬಂದು, ಶ್ರಾವಣದಲ್ಲಿ ಗಂಡನ ಮನೆಗೆ ಹೊರಡುವಾಗಲೇ ಅದನ್ನು ಮುಟ್ಟುವುದು. ನೋಟಾದರೆ ಸರಿ. ದೇವರ ಮುಂದೆ ಕೂತ ನೋಟು ಮೂರು ತಿಂಗಳಾದರೂ ನೋಟೇ. ಆದರೆ ಚೆಕ್ಕು? ಅದು ಕೂತಿದ್ದದ್ದು ಬೂದಿಕೋಟೆಯಲ್ಲಿ, ಅದರ ದುಡ್ಡು ಇದ್ದದ್ದು ಊರಿಗಾಂನಲ್ಲಿ. ನಡುವೆ ಜೂನ್ ಕೊನೆ ಬಂತು. ಬ್ಯಾಂಕಿನವರು ಅರ್ಧ ವರ್ಷದ ಲೆಕ್ಕ ಹಾಕಲು ಕೂತರು.

ಮಾವನ ಖಾತೆಯಲ್ಲಿ ಇದ್ದದ್ದು ಐನೂರಾ ಆರು ರೂಪಾಯಿ. ಐನೂರಾ ಒಂದು ಮುಯ್ಯಿಗೆ, ಐದು ಖಾತೆ ಉಸಿರಾಡುವುದಕ್ಕೆ. ಐದು ಇದ್ದರೆ ಸಾಕು ಎಂದು ಚೆಕ್ ಪುಸ್ತಕ ಕೊಡುವಾಗ ಗುಮಾಸ್ತನೇ ಹೇಳಿದ್ದ. ಈಗ ನೋಡಿದರೆ ಚೆಕ್ ಪುಸ್ತಕ ಇರುವ ಖಾತೆಗೆ ಬೇರೆ ನಿಯಮವಂತೆ, ಇನ್ನೂ ಹೆಚ್ಚು ದುಡ್ಡು ಇರಬೇಕಿತ್ತಂತೆ, ಇಲ್ಲದ್ದಕ್ಕೆ ಬಡ್ಡಿಯೂ ಇಲ್ಲವಂತೆ, ಮೇಲೆ ದಂಡವಂತೆ. ಒಂದು ಮಾತು ಹೇಳದೆ ಆರು ರೂಪಾಯಿ ಕತ್ತರಿಸಿಬಿಟ್ಟರು! ಉಳಿದದ್ದು ಸರಿಯಾಗಿ ಐನೂರು. ಮಾವ ಬರೀ ಐನೂರು ಬರೆದಿದ್ದರೆ ಚೆಕ್ಕು ಪಾಸಾಗುತ್ತಿತ್ತು. ಮಂಗಳಕರವಾಗಿರಲಿ ಎಂದು ಸೇರಿಸುತ್ತೇವಲ್ಲ, ಆ ಒಂದು ರೂಪಾಯಿ ಕಮ್ಮಿ ಬಿತ್ತು.

ಶ್ರಾವಣದಲ್ಲಿ ದೊಡ್ಡಪ್ಪ ಚೆಕ್ಕನ್ನು ಬಂಗಾರಪೇಟೆಯ ಬ್ಯಾಂಕಿಗೆ ಹಾಕಿದರು. ವಾರದ ಮೇಲೆ ಬೀಗರನ್ನೂ ಕರೆದುಕೊಂಡು, ಮಗಳಿಗೆ ಬಳೆ ಕೊಳ್ಳಲೆಂದು ದುಡ್ಡು ತೆಗೆಯಲು ಬಂದರೆ, ಗುಮಾಸ್ತ ಅರಿಸಿನ ಹತ್ತಿದ ಅದೇ ಚೆಕ್ಕನ್ನು ಕೈಗೆ ಕೊಟ್ಟು ದುಡ್ಡಿಲ್ಲ ಅಂದ. ಬೀಗರ ಮುಂದೆ! ದೊಡ್ಡಪ್ಪ ಸೀದಾ ನಮ್ಮ ಮನೆಗೆ ಬಂದು ಜಗಲಿಯ ಮೇಲೇ ನಿಂತು ಕೂಗಾಡಿದರು. ಒಡಹುಟ್ಟಿದವಳ ಮಗಳಿಗೇ ಸುಳ್ಳು ಕಾಗದ ಕೊಟ್ಟವನು ಇನ್ನು ತಮ್ಮ ಹೊಸಿಲು ತುಳಿಯುವುದು ಬೇಡ ಅಂದರು. ಸುದ್ದಿ ಮುಟ್ಟಿದ ದಿನವೇ ಮಾವ ಐನೂರಾ ಒಂದನ್ನು ಮನಿಯಾರ್ಡರ್ ಮಾಡಿದರು. ದೊಡ್ಡಪ್ಪ ಅದನ್ನು ಅಂಚೆಯವನ ಕೈಯಲ್ಲೇ ವಾಪಸ್ಸು ಕಳಿಸಿದರು.

ಅದು ವಾಪಸ್ಸು ಬಂದ ದಿನ ಮಾವ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: “ತಪ್ಪು ನಂದಲ್ಲ, ಬ್ಯಾಂಕಿಂದು. ಬ್ಯಾಂಕಿನೋರೇ ಬಂದು ನಮ್ಮಕ್ಕನ ಮುಂದೆ ನಿಂತ್ಕೊಂಡು ಅಂಗಂತ ಏಳ್ಬೇಕು. ಅಲ್ಲೀಗಂಟ ನಾನು ಬೂದಿಕೋಟೆ ಬಸ್ ಅತ್ತಲ್ಲ.”

ಅಲ್ಲಿಂದ ಶುರುವಾಯಿತು ನೋಡಿ ಶನಿವಾರದ ಸೇವೆ! ಶನಿವಾರ ಮಾವನ ಪಾಳಿ ಮಧ್ಯಾಹ್ನಕ್ಕೆ. ಬೆಳಿಗ್ಗೆ ಇಸ್ತ್ರಿ ಷರ್ಟು ಹಾಕಿ ಬ್ಯಾಂಕಿನ ಬೆಂಚಿನ ಮೇಲೆ ಹಾಜರು. ಮೊದಲ ಮ್ಯಾನೇಜರು ಪಾಪ ಒಳ್ಳೆಯವರು, ತಮ್ಮ ಜೇಬಿನಿಂದಲೇ ಆರು ರೂಪಾಯಿ ತೆಗೆದು ಕೊಡಲು ಬಂದರು. ನನ್ನ ದುಡ್ಡು ಹಿಡಿದವರು ನೀವಲ್ಲ, ನಿಮ್ಮ ಮಕ್ಕಳ ಅನ್ನದ ದುಡ್ಡು ನನಗೆ ಬೇಡ ಎಂದು ಮಾವ ಕೈ ಮುಗಿದರು. ಎರಡನೆಯವರು ಮೇಲಿನವರಿಗೆ ಬರೆದು, ಗ್ರಾಹಕರ ಸಮಾಧಾನಕ್ಕಾಗಿ ಎಂದು ಖಾತೆಗೇ ಆರು ರೂಪಾಯಿ ತುಂಬಿಸಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಮಾವ ಆ ಆರು ರೂಪಾಯಿ ತೆಗೆದು ಅವರ ಮೇಜಿನ ಮೇಲೇ ಇಟ್ಟು ಹೇಳಿದರಂತೆ: “ಸಮಾಧಾನಕ್ಕೆ ಕೊಟ್ರೆ ತಪ್ಪು ಮಾಡ್ದೋನು ನಾನು, ದೊಡ್ಮನ್ಸು ಮಾಡ್ದೋರು ನೀವು ಅಂತಾಯ್ತದೆ ಸಾರ್. ದುಡ್ಡು ಆಮೇಲ್ ನೋಡಾಣ. ಬೂದಿಕೋಟೆಗೆ ಯಾವಾಗ ಬತ್ತೀರ?”

ಮ್ಯಾನೇಜರು ತಮಿಳಿನವರಾದರೆ ತಮಿಳಿನಲ್ಲಿ ಜಗಳ, ತೆಲುಗಿನವರಾದರೆ ತೆಲುಗಿನಲ್ಲಿ. ಒಮ್ಮೆ ಧಾರವಾಡದ ಕಡೆಯವರೊಬ್ಬರು ಬಂದರು. ಅವರ ಗಡಸು ಕನ್ನಡಕ್ಕೆ ಮಾವ ಒಂದು ಶನಿವಾರ ತಬ್ಬಿಬ್ಬಾದರು. ಮುಂದಿನ ಶನಿವಾರಕ್ಕೆ ಸುಧಾರಿಸಿಕೊಂಡರು.

ಇದರ ನಡುವೆ ಒಂದು ವಿಚಿತ್ರ ನಡೆಯಿತು. ಬೆಂಚಿನ ಮೇಲೆ ಕೂತು ಕೂತು ಮಾವನಿಗೆ ಬ್ಯಾಂಕಿನ ನಿಯಮಗಳೆಲ್ಲ ಬಾಯಿಪಾಠವಾದವು. ಮೈಸೂರು ಮೈನ್ಸ್ ಗಣಿಯ ಕೆಲಸಗಾರರ ಲೈನುಮನೆಗಳಿಂದ ಜನ ಹುಡುಕಿಕೊಂಡು ಬರತೊಡಗಿದರು. ತೀರಿಕೊಂಡ ಗಣಿ ಕೆಲಸದವನೊಬ್ಬನ ಹೆಂಡತಿಯ ಪಿಂಚಣಿಯಲ್ಲಿ ಏನೋ ಕತ್ತರಿಸಿದ್ದರು. ಮಾವ ಎರಡೇ ವಾರದಲ್ಲಿ ವಾಪಸ್ಸು ಕೊಡಿಸಿದರು. ಆಕೆ ಒಂದು ಡಬ್ಬಿ ಮುರುಕ್ಕು ಮಾಡಿಕೊಂಡು ಬಂದು, ನಿಮ್ಮದು ಸಿಕ್ಕಿತೇನಣ್ಣ ಎಂದು ತಮಿಳಿನಲ್ಲಿ ಕೇಳಿದಳಂತೆ. ಮಾವ ಮುರುಕ್ಕು ತಿನ್ನುತ್ತಾ ಇನ್ನೂ ಇಲ್ಲ ಅಂದರಂತೆ. ಊರವರ ದುಡ್ಡೆಲ್ಲ ಬರುತ್ತೆ, ಮನೆಯ ಸಂಬಂಧ ಮಾತ್ರ ಬರಲ್ಲ ಎಂದು ಅತ್ತೆ ಪಾತ್ರೆ ಕುಕ್ಕುತ್ತಿದ್ದರು.

ಈಗಲೂ ನೆನೆದರೆ ನನಗೆ ಮೈ ಉರಿಯುತ್ತದೆ. ಬೂದಿಕೋಟೆಯ ಬಸ್ಸು ನಮ್ಮ ಮನೆಯ ಹತ್ತಿರವೇ ನಿಲ್ಲುತ್ತಿತ್ತು. ಒಂದು ಸಲ ಹತ್ತಿದ್ದರೆ ಆಗಿತ್ತಲ್ಲ! ಅವರೆಕಾಯಿ ಕಾಲದಲ್ಲಿ ದೊಡ್ಡಮ್ಮ ಆ ಬಸ್ಸಿನಲ್ಲೇ ಸೊಗಡಿನ ಕಾಯಿ ಕಳಿಸುತ್ತಿದ್ದಳು, ನಮಗೊಂದು ಚೀಲ, ‘ಅವನಿಗೊಂದು’ ಚೀಲ. ಮಾವ ಬಂದು ತಮ್ಮ ಚೀಲವನ್ನು ಎತ್ತಿಕೊಳ್ಳುತ್ತಿದ್ದರು. ಯಾರು ಕಳಿಸಿದ್ದು ಎಂದು ಕೇಳುತ್ತಿರಲಿಲ್ಲ. ಗೌರಿ ಹಬ್ಬಕ್ಕೆ ಮಾವ ನಮ್ಮಮ್ಮನಿಗೆ ಸೀರೆ ತರುವಾಗ ಎರಡು ತರುತ್ತಿದ್ದರು. ಇನ್ನೊಂದು ಯಾರಿಗೆ ಎಂದು ಹೇಳುತ್ತಿರಲಿಲ್ಲ. ಅಮ್ಮ ಇಬ್ಬರನ್ನೂ ಬೈದುಕೊಂಡೇ ಅತ್ತಿಂದಿತ್ತ ಸಾಗಿಸುತ್ತಿದ್ದಳು.

ನನ್ನ ಮದುವೆಯಲ್ಲಿ ಸೋದರಮಾವ ಇಲ್ಲದೆ ಆಗುತ್ತದೆಯೇ? ಬಂದರು, ಪೇಟ ಸುತ್ತಿಕೊಂಡು ನನ್ನನ್ನು ಮಂಟಪಕ್ಕೆ ಕರೆತಂದರು. ಅತ್ತ ಹೆಂಗಸರ ಸಾಲಿನಲ್ಲಿ ದೊಡ್ಡಮ್ಮ ಕೂತಿದ್ದಳು. ಮಾವ ಕಂಬದ ಮರೆಗೆ ಸರಿದುಕೊಂಡರು. ಮುಯ್ಯಿಯ ಹೊತ್ತಿಗೆ ಗರಿಗರಿ ನೋಟುಗಳನ್ನು ಕೊಟ್ಟು, ಮೈಕಿನವನ ಕಿವಿಯಲ್ಲಿ ಏನೋ ಹೇಳಿದರು. ‘ಸೋದರಮಾವ, ಐನೂರಾ ಒಂದು, ನಗದು!’ ಎಂದು ಅವನು ಎರಡು ಸಲ ಕೂಗಿದ. ಜನ ನಕ್ಕರು. ದೊಡ್ಡಮ್ಮ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಅದನ್ನು ನಾನು ಮಂಟಪದಿಂದಲೇ ನೋಡಿದೆ.

ಆಮೇಲೆ ದೊಡ್ಡಪ್ಪ ತೀರಿಕೊಂಡರು. ಹೊಸಿಲು ತುಳಿಯಬೇಡ ಅಂದ ಮನುಷ್ಯನೇ ಇರಲಿಲ್ಲ. ಗಂಡ ಸತ್ತವಳಿಗೆ ತವರಿನ ಸೀರೆ ಅಣ್ಣನೋ ತಮ್ಮನೋ ತರಬೇಕು. ಮಾವ ಸೀರೆ ಹಿಡಿದು ಬಂಗಾರಪೇಟೆಯ ಬಸ್ ನಿಲ್ದಾಣದವರೆಗೂ ಬಂದರು. ಬಸ್ಸು ಬಂತು, ಹಾಲಿನ ಖಾಲಿ ಕ್ಯಾನುಗಳು ಹತ್ತಿದವು, ನಾವು ಹತ್ತಿದೆವು. ಮಾವ ಕಿಟಕಿಯಿಂದ ಸೀರೆಯನ್ನು ಅಮ್ಮನ ಮಡಿಲಿಗೆ ಹಾಕಿ, ನಮ್ಮ ಮನೆಗೆ ಹೋಗಿ ತಲೆಗೆ ನೀರು ಹುಯ್ದುಕೊಂಡು ಊರಿಗಾಂಗೆ ವಾಪಸ್ಸಾದರು. ಆ ದಿನ ಅಮ್ಮ ದಾರಿಯುದ್ದಕ್ಕೂ ಅತ್ತದ್ದು ಸತ್ತವರಿಗೋ ಬದುಕಿರುವವರಿಗೋ ನನಗೆ ಗೊತ್ತಾಗಲಿಲ್ಲ.

ಹತ್ತು ಹನ್ನೆರಡು ವರ್ಷ ಹೀಗೇ ಕಳೆಯಿತು. ಕೊನೆಗೆ ಮಂಗಳೂರಿನ ಕಡೆಯ ಒಬ್ಬ ಚಿಕ್ಕ ಪ್ರಾಯದ ಮ್ಯಾನೇಜರು ಬಂದ. ಮಾವನನ್ನು ಒಳಗೆ ಕರೆದು ಕೂರಿಸಿ, ಕಾಫಿ ತರಿಸಿ, ಕಥೆಯನ್ನೆಲ್ಲ ಕೇಳಿದ. ಕೇಳಿ, “ತಪ್ಪು ನಮ್ಮದೇ ಅಲ್ವಾ ಮಾರಾಯ್ರೆ. ಹೋಗಿ ಹೇಳಿ ಬರುವ. ಬಸ್ಸು ಎಷ್ಟೊತ್ತಿಗೆ?” ಅಂದ.

ಮಾವ ಕಾಫಿ ಲೋಟ ಕೆಳಗಿಟ್ಟರಂತೆ. ಅಷ್ಟು ವರ್ಷ ಕೇಳಿದ್ದು ಸಿಕ್ಕಿಬಿಟ್ಟರೆ ಏನು ಮಾಡಬೇಕೆಂದು ಅವರು ಯೋಚಿಸಿರಲೇ ಇಲ್ಲ! ಈ ವಾರ ಬೇಡ, ಅಮಾವಾಸ್ಯೆ. ಮುಂದಿನ ವಾರ ಕಾರ್ಖಾನೆಯಲ್ಲಿ ಕೆಲಸ. ರಜದ ದಿನ ಬಂದರೆ ಬ್ಯಾಂಕು ಬಂದ ಹಾಗಾಗುವುದಿಲ್ಲ. ಹುಡುಗ ಎಲ್ಲಕ್ಕೂ ಆಗಲಿ ಆಗಲಿ ಎನ್ನುತ್ತಾ ಒಂದು ಬೆಳಿಗ್ಗೆ ರಜೆ ಹಾಕದೆ, ಟೈ ಕಟ್ಟಿಕೊಂಡು ನಮ್ಮ ಮನೆ ಬಾಗಿಲಿಗೇ ಬಂದ. ಹಿಂದೆ ಮಾವ. ತವರಿಗೆ ಬಂದಿದ್ದ ನಾನೂ ಜೊತೆಗೆ ಬಸ್ಸು ಹತ್ತಿದೆ.

ದೊಡ್ಡಮ್ಮ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದಳು. ಅಷ್ಟರಲ್ಲಿ ಅವಳಿಗೆ ಕಿವಿ ಮಂದವಾಗಿತ್ತು. ಮ್ಯಾನೇಜರು ಅಂಗಳದಲ್ಲಿ ನೆಟ್ಟಗೆ ನಿಂತು, ಬ್ಯಾಂಕಿನ ಪರವಾಗಿ ಕ್ಷಮೆ ಕೇಳುತ್ತೇನೆ, ನಿಮ್ಮ ತಮ್ಮನದು ಏನೂ ತಪ್ಪಿಲ್ಲ ಎಂದು ದೊಡ್ಡ ದನಿಯಲ್ಲಿ ಹೇಳಿದ. ದೊಡ್ಡಮ್ಮ ಅವನ ಕಡೆ ನೋಡಲೇ ಇಲ್ಲ. ಕಾಳಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎದ್ದು ಬಂದು ಮಾವನ ತಲೆ ಮುಟ್ಟಿದಳು.

“ಇದ್ಯಾವಾಗ್ಲಾ ಇಷ್ಟು ಬೆಳ್ಳಗಾಯ್ತು?”

ಬ್ಯಾಂಕಿನಲ್ಲಿ ಮೂರು ಭಾಷೆಯಲ್ಲಿ ವಾದ ಮಾಡಿದ ಮಾವ ಅವಳ ಕೈಗೆ ಎಟುಕುವ ಹಾಗೆ ತಲೆ ಬಗ್ಗಿಸಿ ನಿಂತರು. ನಾನೇ ಅವಳ ಕಿವಿಯ ಹತ್ತಿರ ಬಗ್ಗಿ, ಬ್ಯಾಂಕಿನವರು ಬಂದಿದ್ದಾರೆ, ಆ ಚೆಕ್ಕಿನ ವಿಷಯ ಹೇಳುತ್ತಿದ್ದಾರೆ ಅಂದೆ.

“ಅದು ನಂಗೆ ಅವತ್ತೇ ಗೊತ್ತಿತ್ತು ಕಣಮ್ಮ. ನಾನು ಸಾಕಿದ್ ಮಗ ಸುಳ್ಳು ಕಾಗ್ದ ಕೊಡ್ತಾನಾ?” ಎಂದವಳು ಮಾವನ ಕಡೆ ತಿರುಗಿದಳು. “ಬ್ಯಾಂಕಿನೋರು ಬತ್ತಾರೆ ಅಂತ ನಾನು ಕಾಯ್ತಿರ್ಲಿಲ್ಲ ಕಣ್ಲಾ. ನೀನು ಬತ್ತೀಯ ಅಂತ ಕಾಯ್ತಿದ್ದೆ. ನೀನು ನನ್ ತಾವ ಬರೋದ್ ಬಿಟ್ಟು ಬ್ಯಾಂಕ್ ತಾವ ಓಗಿ ಕೂತ್ಕೊಂಡೆ.”

ಮಾವ ಜಗಲಿಯ ಮೇಲೆ ಕೂತುಬಿಟ್ಟರು. ಮ್ಯಾನೇಜರು ಟೈ ಸಡಿಲಿಸಿಕೊಂಡು ಹಿತ್ತಲಿನ ಹಸು ನೋಡುವವನ ಹಾಗೆ ಅತ್ತ ನಡೆದ. ಮಧ್ಯಾಹ್ನ ಮುದ್ದೆ, ಹಿದಕಬೇಳೆ ಸಾರು. ಮಾವ ತಲೆ ಎತ್ತದೆ ಉಂಡರು. ಹೊರಡುವಾಗ ದೊಡ್ಡಮ್ಮ ಸೊಂಟದ ಚೀಲ ಬಿಚ್ಚಿ ಒಂದು ರೂಪಾಯಿ ನಾಣ್ಯ ತೆಗೆದು ಅವರ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಇದನ್ನು ನಿನ್ನ ಬ್ಯಾಂಕಿಗೆ ಹಾಕಿಬಿಡು, ಇನ್ನೊಂದು ಸಲ ಕಮ್ಮಿ ಬೀಳಬಾರದು ಅಂದಳು.

ಆಮೇಲೆ ಮಾವ ಶನಿವಾರ ಬ್ಯಾಂಕಿಗೆ ಹೋಗಲಿಲ್ಲ. ಬೂದಿಕೋಟೆಯ ಬಸ್ಸು ಹತ್ತುತ್ತಿದ್ದರು. ಆದರೆ ಅವರಿಬ್ಬರಿಗೂ ಸಿಕ್ಕಿದ್ದು ಅದೊಂದೇ ಅವರೆಕಾಯಿ ಕಾಲ. ಮುಂದಿನ ವರ್ಷ ಸೊಗಡು ಬರುವ ಮೊದಲೇ ದೊಡ್ಡಮ್ಮ ಹೊರಟುಹೋದಳು.

ಆಕೆಯ ತಿಥಿ ಮುಗಿಸಿಕೊಂಡು ಬಂದ ದಿನ ಮಾವ ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದರು. ಆ ರೂಪಾಯಿ ಅವರ ಕೈಯಲ್ಲೇ ಇತ್ತು, ಹೆಬ್ಬೆರಳಲ್ಲಿ ಅದನ್ನು ಸವರುತ್ತಿದ್ದರು. ಅವಳು ಹೇಳಿದ ಹಾಗೆ ಬ್ಯಾಂಕಿಗೆ ಯಾಕೆ ಹಾಕಲಿಲ್ಲ ಮಾವ ಎಂದು ಕೇಳಿದೆ. ಬೆರಳುಗಳನ್ನು ಮಡಿಸಿಕೊಂಡರು.

“ಅವ್ರನ್ನ ನಂಬೋಕಾಗಲ್ಲ ಕಣಮ್ಮ,” ಅಂದರು, “ಇದನ್ನೂ ಕಟ್ ಮಾಡ್ಕೊಂಡ್ಬಿಡ್ತಾರೆ.”